ಪುಕ್ಕಟೆ ಕೊಟ್ಟರೆ ಅನುಮಾನ

ಕರ್ನಾಟಕದಲ್ಲಿ ಎರಡು ಕಾನೂನುಗಳಿವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವರು ಕಡಿಮೆ. ಓದಿದರೆ ಮೊದಲು ನಗು ಬರುತ್ತೆ, ಆಮೇಲೆ ಹೊಟ್ಟೆ ಉರಿಯುತ್ತೆ.

ಮೊದಲನೆಯದನ್ನು ವಿಧಾನಮಂಡಲ 2016ರಲ್ಲಿ ಒಪ್ಪಿತು, ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2018ರಲ್ಲಿ. ಅಪಘಾತವಾಗಿ ರಸ್ತೆಯಲ್ಲಿ ಬಿದ್ದವರನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದ ಅಪರಿಚಿತನಿಗೆ ಪೊಲೀಸರಿಂದ, ಕೋರ್ಟಿನಿಂದ ಕಿರಿಕಿರಿ ಆಗಬಾರದು ಅಂತ ಮಾಡಿದ ಕಾಯ್ದೆ ಅದು. ದೇಶದಲ್ಲಿ ಇಂಥದ್ದೊಂದು ಕಾಯ್ದೆ ತಂದ ಮೊದಲ ರಾಜ್ಯ ನಮ್ಮದು. ಅದರ ಹೆಸರಿನಲ್ಲೇ ‘ಗುಡ್ ಸಮಾರಿಟನ್’ ಅಂತ ಇದೆ.

ಎರಡನೆಯದು 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ. ಜನರ ಬಾಯಲ್ಲಿ ಮತಾಂತರ ನಿಷೇಧ ಕಾಯ್ದೆ. 2021ರ ಡಿಸೆಂಬರ್‌ನಲ್ಲಿ ವಿಧಾನಸಭೆ ಒಪ್ಪಿತು, ಮರುವರ್ಷ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಆಯಿತು, ಸೆಪ್ಟೆಂಬರ್‌ನಲ್ಲಿ ಕಾಯ್ದೆಯೇ ಆಯಿತು. ‘ಆಮಿಷ’ ಅಂದರೆ ಏನೇನು ಅನ್ನೋದಕ್ಕೆ ಅದರಲ್ಲಿ ಒಂದು ಪಟ್ಟಿ ಇದೆ. ಉಡುಗೊರೆ, ಹಣ, ಕೆಲಸ, ಮದುವೆಯ ಮಾತು, ಒಳ್ಳೆಯ ಬದುಕಿನ ಭರವಸೆ. ಜೊತೆಗೆ, ಧಾರ್ಮಿಕ ಸಂಸ್ಥೆ ನಡೆಸುವ ಶಾಲೆ ಕಾಲೇಜಿನಲ್ಲಿ ಉಚಿತ ಶಿಕ್ಷಣ.

ಮೊದಲ ಕಾಯ್ದೆ ಹೇಳುತ್ತೆ: ಅಪರಿಚಿತನೇ, ನೀನು ಒಳ್ಳೆಯ ಕೆಲಸ ಮಾಡಿದ್ದೀ, ನಿನ್ನನ್ನು ಕಾಡಲ್ಲ, ಹೋಗಿ ಬಾ. ಎರಡನೆಯದು ಹೇಳುತ್ತೆ: ಒಳ್ಳೆಯ ಕೆಲಸ ಮಾಡಿದ್ದೀಯಾ? ಹಾಗಾದರೆ ನಿಲ್ಲು, ಯಾಕೆ ಮಾಡಿದೆ ಅಂತ ಹೇಳು.

ತಮಾಷೆ ಏನಪ್ಪಾ ಅಂದ್ರೆ, ಮೊದಲ ಕಾಯ್ದೆಗೆ ಹೆಸರು ಕೊಟ್ಟ ಕಥೆ ಹೇಳಿದ್ದು ಯೇಸು. ಎರಡನೆಯ ಕಾಯ್ದೆಯ ಕಣ್ಣು ಬಿದ್ದಿರೋದು ಹೆಚ್ಚಾಗಿ ಆತನ ಹೆಸರು ಹೇಳುವವರ ಮೇಲೆ.

ನಾನು ಕ್ರಿಶ್ಚಿಯನ್ ಅಲ್ಲ. ಕೊಟ್ಟೂರು ತಾಲೂಕಿನ ಹಳ್ಳಿಯವನು. ಮಠದ ಹಾಸ್ಟೆಲಿನ ಮುದ್ದೆ ಸಾರು ಉಂಡು ಪಿಯುಸಿ ಮುಗಿಸಿ, ಬಿಇ ಮಾಡಿ, ಈಗ ಬೆಂಗಳೂರಿನಲ್ಲಿ ಕೋಡ್ ಬರೆಯುತ್ತಿರುವವನು. ಈ ಲೇಖನಕ್ಕೆ ನನಗೆ ಯಾವ ಮಿಶನರಿಯೂ ದುಡ್ಡು ಕೊಟ್ಟಿಲ್ಲ. ಇದನ್ನು ಮುಂಚೆಯೇ ಹೇಳಿಬಿಡಬೇಕಾಗಿದೆ ನೋಡಿ, ಅಲ್ಲಿಗೆ ಬಂದು ನಿಂತಿದೆ ನಮ್ಮ ಕಾಲ.

ಮೊದಲು ಆ ಕಥೆ. ಲೂಕನ ಸುವಾರ್ತೆಯಲ್ಲಿದೆ. ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುತ್ತಿದ್ದ ಒಬ್ಬನನ್ನು ಕಳ್ಳರು ಹೊಡೆದು, ಬಟ್ಟೆ ಸಮೇತ ಕಿತ್ತುಕೊಂಡು, ಅರೆಜೀವ ಮಾಡಿ ದಾರಿಯಲ್ಲಿ ಬಿಟ್ಟು ಹೋದರು. ಅವನ ಜನದ ಪುರೋಹಿತನೊಬ್ಬ ಬಂದ, ನೋಡಿದ, ರಸ್ತೆಯ ಆಚೆ ಬದಿಯಿಂದ ದಾಟಿ ಹೋದ. ದೇವಾಲಯದ ಸೇವೆಯವನೊಬ್ಬ ಬಂದ, ಅವನೂ ಹೋದ. ಮೂರನೆಯವನು ಸಮಾರ್ಯದವನು. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿದ, ಛತ್ರಕ್ಕೆ ಸೇರಿಸಿದ, ಛತ್ರದವನ ಕೈಗೆ ಎರಡು ದಿನಾರಿ ನಾಣ್ಯ ಇಟ್ಟ. ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂದು ಹೊರಟುಹೋದ. ಒಂದು ದಿನಾರಿ ಅಂದರೆ ಆ ಕಾಲದ ಕೂಲಿಯವನ ಒಂದು ದಿನದ ದುಡಿಮೆ.

ನಾವು ಈ ಕಥೆಯನ್ನು ‘ಕಷ್ಟದಲ್ಲಿರುವವರಿಗೆ ಸಹಾಯ ಮಾಡಿ’ ಅನ್ನೋ ಶಾಲೆಯ ಗೋಡೆಬರಹದ ಮಟ್ಟಕ್ಕೆ ಇಳಿಸಿದ್ದೇವೆ. ಕಥೆಯ ಖಾರ ಬೇರೆ ಕಡೆ ಇದೆ. ಯೇಸು ಇದನ್ನು ಹೇಳುತ್ತಿದ್ದದ್ದು ಯೆಹೂದಿಗಳಿಗೆ. ಯೆಹೂದಿಗಳಿಗೂ ಸಮಾರ್ಯದವರಿಗೂ ಆಗುತ್ತಿರಲಿಲ್ಲ. ಇವರ ದೇವಾಲಯ ಯೆರೂಸಲೇಮಿನಲ್ಲಿ, ಅವರ ಪವಿತ್ರ ಜಾಗ ಗೆರಿಜೀಮ್ ಬೆಟ್ಟದ ಮೇಲೆ. ಇವನು ಅವರ ಬಾವಿಯ ಹತ್ತಿರ ನಿಂತು ನೀರು ಕೇಳಿದರೆ ಅವರ ಹೆಂಗಸಿಗೇ ಆಶ್ಚರ್ಯವಾಗುವಷ್ಟು ಮಡಿ-ಮೈಲಿಗೆ. ಇದೇನು ನಮಗೆ ಗೊತ್ತಿಲ್ಲದ ವಿಷಯವೇ? ಅಂಥ ಜನರ ಮುಂದೆ, ಅವರಿಗೆ ಆಗದ ಜಾತಿಯವನನ್ನೇ ಕಥೆಯ ಹೀರೋ ಮಾಡಿದ. ನಮ್ಮ ಪುರೋಹಿತ ಫೇಲು, ಆ ಕೇರಿಯವನು ಪಾಸು ಅಂತ ಮುಖಕ್ಕೆ ಹೇಳಿದ. ಕೇಳಿದವರಿಗೆ ಉರಿದಿರಬೇಕು.

ಆ ಸಮಾರ್ಯದವನು ಬಿದ್ದವನ ಜಾತಿ ಕೇಳಲಿಲ್ಲ. ಗಾಯಕ್ಕೆ ಪಟ್ಟಿ ಕಟ್ಟುವಾಗ ‘ನಮ್ಮ ಬೆಟ್ಟಕ್ಕೆ ಬಾ’ ಅನ್ನಲಿಲ್ಲ. ಅವನ ಹೆಸರೂ ಕಥೆಯಲ್ಲಿಲ್ಲ. ಕ್ರಿಶ್ಚಿಯನ್ ಆಗಿ ಬದುಕುವುದು ಅಂದರೆ ಹೇಗೆ ಅನ್ನೋದಕ್ಕೆ ಯೇಸು ಕೊಟ್ಟ ಮಾದರಿಯೇ ಇದು. ಮಾದರಿ ಆದವನು ಆತನ ಪಂಗಡದವನೇ ಅಲ್ಲ. ಇದನ್ನು ಚರ್ಚಿನವರೂ ನೆನಪಿಡಬೇಕು, ಚರ್ಚನ್ನು ಕಂಡರೆ ಆಗದವರೂ ನೆನಪಿಡಬೇಕು.

ಈ ಕಥೆ ಕನ್ನಡದ ಬೈಬಲ್ ಸೇರಿದ್ದರ ಹಿಂದೆ ನಮ್ಮ ಕಡೆಯ ಪಾತ್ರವೂ ಇದೆ. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಕನ್ನಡ ಕಲಿತು, ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತದ್ದು ಅಲ್ಲೇ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಶುರುವಾಗಿ, ಮರುವರ್ಷ ‘ಕನ್ನಡ ಸಮಾಚಾರ’ ಆಗಿ ಅಚ್ಚಾದದ್ದೂ ಬಳ್ಳಾರಿಯಲ್ಲೇ. ವಾರ್ಡ್‌ಲಾ ಶಾಲೆ 1846ರದ್ದು. ಆಗ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲಾ ಬಳ್ಳಾರಿ ಜಿಲ್ಲೆ. ಇಷ್ಟು ವರ್ಷದಲ್ಲಿ ಮಿಶನರಿಗಳು ನಮ್ಮ ಸೀಮೆಯನ್ನು ಎಷ್ಟು ಮತಾಂತರ ಮಾಡಿದರು? ಜನ ಹಾಗೇ ಇದ್ದಾರೆ, ಜಿಲ್ಲೆಗಳೇ ಬದಲಾದವು. ಹರಪನಹಳ್ಳಿಯಂತೂ ಬಳ್ಳಾರಿಯಿಂದ ದಾವಣಗೆರೆಗೆ, ದಾವಣಗೆರೆಯಿಂದ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಹೋಯ್ತು. ನಮ್ಮಲ್ಲಿ ಮತಾಂತರಕ್ಕಿಂತ ಜಿಲ್ಲಾಂತರವೇ ಜಾಸ್ತಿ! 2011ರ ಜನಗಣತಿ ಪ್ರಕಾರ ಇಡೀ ರಾಜ್ಯದಲ್ಲಿ ಕ್ರಿಶ್ಚಿಯನ್ನರು ಶೇ. 1.87. ಇನ್ನೂರು ವರ್ಷದ ‘ಆಮಿಷ’ದ ಫಲಿತಾಂಶ ಇಷ್ಟೇ ಆದರೆ, ಆ ಕಂಪನಿಯ ಸೇಲ್ಸ್ ಟೀಮನ್ನು ಎಂದೋ ಮನೆಗೆ ಕಳಿಸಬೇಕಿತ್ತು.

ಈಗ ಬೆಂಗಳೂರಿಗೆ ಬನ್ನಿ. ನಿಮ್ಮನ್ನೇ ಕೇಳುತ್ತೇನೆ. ಮಗುವಿಗೆ ಕಾನ್ವೆಂಟಿನಲ್ಲಿ ಸೀಟು ಬೇಕು ಅಂತ ಫಾರಂಗೆ ಕ್ಯೂ ನಿಂತಿಲ್ಲವಾ? ಅತ್ತೆಗೆ ಎದೆನೋವು ಬಂದಾಗ ಕೋರಮಂಗಲದ ಸೇಂಟ್ ಜಾನ್ಸ್‌ಗೋ, ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಗೋ ಕಾರು ತಿರುಗಿಸಿಲ್ಲವಾ? ಆಗ ಗೋಡೆಯ ಮೇಲಿನ ಶಿಲುಬೆ ನಿಮ್ಮ ಧರ್ಮವನ್ನು ಅಲುಗಾಡಿಸಲಿಲ್ಲ. ಅದೇ ಸಿಸ್ಟರ್ ಹಡಗಲಿಯ ಒಂದು ಕೇರಿಗೆ ಬಂದು ಸ್ಲೇಟು ಕೊಟ್ಟು ಅಕ್ಷರ ಕಲಿಸಿದರೆ ವಾಟ್ಸಾಪಿನಲ್ಲಿ ಕೂಗು. ದುಡ್ಡು ಕೊಟ್ಟು ಕೊಂಡರೆ ಕ್ವಾಲಿಟಿ ಎಜುಕೇಶನ್, ಪುಕ್ಕಟೆ ಕೊಟ್ಟರೆ ಮತಾಂತರ. ಅಂದರೆ ನಮಗೆ ತಕರಾರು ಕ್ರಿಶ್ಚಿಯನ್ನರ ಬಗ್ಗೆ ಇಲ್ಲ, ಅವರು ಬಡವರಿಗೆ ಕೊಡುವುದರ ಬಗ್ಗೆ ಇದೆ.

‘ಯಾರೂ ಸುಮ್ಮನೆ ಏನೂ ಮಾಡಲ್ಲ ಸಾರ್’ ಅಂತ ನನ್ನ ಆಫೀಸಿನ ಒಬ್ಬರು ಹೇಳುತ್ತಾರೆ. ಸಂಜೆ ಟೀ ಕುಡಿಯುತ್ತಾ ಹೇಳುವಾಗ ಇದು ದೊಡ್ಡ ಬುದ್ಧಿವಂತಿಕೆಯ ಹಾಗೆ ಕೇಳುತ್ತೆ. ಅವರು ಒಂದು ಸಲ ಮಾಘ ಮಾಸದಲ್ಲಿ ನಮ್ಮೂರ ಕಡೆ ಬರಬೇಕು. ಕೊಟ್ಟೂರು ಗುರು ಬಸವೇಶ್ವರ ಸ್ವಾಮಿಯ ತೇರಿಗೆ ದಾವಣಗೆರೆ ಕಡೆಯಿಂದ, ಹರಪನಹಳ್ಳಿ ಕಡೆಯಿಂದ, ಕೂಡ್ಲಿಗಿ ಕಡೆಯಿಂದ ಜನ ನಡೆದು ಬರುತ್ತಾರೆ. ರಾತ್ರಿಯೆಲ್ಲಾ ನಡೆಯುತ್ತಾರೆ. ದಾರಿಯುದ್ದಕ್ಕೂ ಶಾಮಿಯಾನ ಹಾಕಿಕೊಂಡು ಕೂತವರು ಕೈ ಹಿಡಿದು ಎಳೆದು ಊಟಕ್ಕೆ ಕೂರಿಸುತ್ತಾರೆ. ಮಜ್ಜಿಗೆ, ಬಾಳೆಹಣ್ಣು, ಚಿತ್ರಾನ್ನ. ಕಾಲಲ್ಲಿ ಗುಳ್ಳೆ ಎದ್ದವರಿಗೆ ಎಣ್ಣೆ ಹಚ್ಚುತ್ತಾರೆ. ಯಾರು ನೀನು, ಯಾವೂರು, ಯಾರ ಪೈಕಿ ಅನ್ನುವ ಮಾತೇ ಇಲ್ಲ. ಅದಕ್ಕೆ ನಮ್ಮ ಕಡೆ ದಾಸೋಹ ಅಂತ ಹೆಸರು. ಪುಣ್ಯದ ಆಸೆಯಿಂದ ಮಾಡುತ್ತಾರಾ? ಮಾಡಲಿ ಬಿಡಿ. ಹಸಿದವನಿಗೆ ಅನ್ನ ಸಿಕ್ಕಿತಲ್ಲ.

ಆಮಿಷದ ವಿಷಯಕ್ಕೇ ಬರೋಣ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸುಮಾರು 10,000 ಮಕ್ಕಳು ಉಚಿತವಾಗಿ ಉಂಡು, ಇದ್ದು, ಓದುತ್ತಾರೆ. 2019ರಲ್ಲಿ ತೀರಿಕೊಂಡ ಶಿವಕುಮಾರ ಸ್ವಾಮೀಜಿ ಬದುಕಿಡೀ ಮಾಡಿದ್ದು ಇದನ್ನೇ. ಅನ್ನ, ಅಕ್ಷರ, ಆಶ್ರಯ ಅಂತ ತ್ರಿವಿಧ ದಾಸೋಹ. ಅಲ್ಲಿ ಮುಸ್ಲಿಂ ಮಕ್ಕಳೂ ಓದಿದ್ದಾರೆ. ಯಾರಾದರೂ ಅದನ್ನು ಆಮಿಷ ಅಂದರೆ ನಾವು ಸುಮ್ಮನಿರುತ್ತೇವಾ? ನಾನಂತೂ ಇರಲ್ಲ, ಉಂಡ ಅನ್ನದ ಋಣ ಇದೆ. ಆದರೆ ಕಾಯ್ದೆಯ ಭಾಷೆ ನೋಡಿ: ‘ಯಾವುದೇ ಧಾರ್ಮಿಕ ಸಂಸ್ಥೆ’. ಬರೆದವರ ಮನಸ್ಸಿನಲ್ಲಿ ಯಾವ ಸಂಸ್ಥೆ ಇತ್ತು ಅಂತ ನನಗೂ ಗೊತ್ತು, ನಿಮಗೂ ಗೊತ್ತು.

ಇದಕ್ಕೊಂದು ಉತ್ತರ ಬರುತ್ತೆ, ಅದನ್ನೂ ಕೇಳಿಬಿಡೋಣ. ‘ಉಚಿತ ಶಿಕ್ಷಣ ಕೊಡೋದು ತಪ್ಪು ಅಂತ ಕಾಯ್ದೆ ಎಲ್ಲಿ ಹೇಳಿದೆ? ಮತಾಂತರಕ್ಕಾಗಿ ಕೊಟ್ಟರೆ ಮಾತ್ರ ತಪ್ಪು.’ ಸರಿ. ಮೋಸ ಮಾಡಿ, ಹೆದರಿಸಿ ಮತ ಬದಲಿಸುವುದನ್ನು ತಡೆಯುವ ಕಾನೂನು ಇರಬಹುದು ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ನನ್ನ ತಕರಾರು ಅದರ ಬಗ್ಗೆ ಅಲ್ಲ. ಕೊಟ್ಟಿದ್ದು ಮತಾಂತರಕ್ಕಾಗಿ ಅಲ್ಲ ಅಂತ ಸಾಬೀತು ಮಾಡಬೇಕಾದವರು ಯಾರು? ಆರೋಪ ಹೊತ್ತವನೇ! ದೂರು ಕೊಡಬಹುದಾದವರು ಯಾರು? ಅಪ್ಪ, ಅಮ್ಮ, ಅಣ್ಣ ತಂಗಿ, ನೆಂಟರು ಅಷ್ಟೇ ಅಲ್ಲ, ಸಹೋದ್ಯೋಗಿ ಕೂಡ. ಹೌದು, ನಿಮ್ಮ ಪಕ್ಕದ ಡೆಸ್ಕಿನವನು. ಶಿಕ್ಷೆ 3ರಿಂದ 5 ವರ್ಷ. ಮತಾಂತರವಾದವರು ಅಪ್ರಾಪ್ತರು, ಬುದ್ಧಿ ಸ್ವಾಧೀನದಲ್ಲಿಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು ಆಗಿದ್ದರೆ 10 ವರ್ಷದವರೆಗೆ.

ಆ ಸಾಲನ್ನು ಇನ್ನೊಂದು ಸಲ ಓದಿ. ಮಕ್ಕಳು, ಬುದ್ಧಿ ಸ್ವಾಧೀನದಲ್ಲಿಲ್ಲದವರು, ಹೆಂಗಸರು, ದಲಿತರು, ಆದಿವಾಸಿಗಳು, ಎಲ್ಲರೂ ಒಂದೇ ಬುಟ್ಟಿಯಲ್ಲಿ. ನಿಮ್ಮ ಟೀಮ್ ಲೀಡ್ ಹೆಂಗಸಾಗಿದ್ದರೆ ಸೋಮವಾರ ಅವರಿಗೆ ಇದನ್ನು ಓದಿ ಹೇಳಿ. ನಮ್ಮ ಐದು ತಾಲೂಕುಗಳ ಕೇರಿಗಳಲ್ಲಿ, 1982ರ ಕಾಯ್ದೆ ಬಂದ ಮೇಲೂ ದೇವದಾಸಿ ಬಿಟ್ಟ ಹೆಣ್ಣುಮಕ್ಕಳು ಇದ್ದಾರೆ. ಮುತ್ತು ಕಟ್ಟಿದ ದಿನ ‘ಇವಳಿಗೆ ಇಷ್ಟ ಇದೆಯಾ’ ಅಂತ ಯಾರೂ ಕೇಳಲಿಲ್ಲ. ಮಳೆ ಕೈಕೊಟ್ಟ ವರ್ಷ ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೋದಾಗ ‘ಎಲ್ಲಿಗೆ’ ಅಂತ ಕೇಳಲಿಲ್ಲ. ಅವಳು ತನ್ನ ಮಗಳನ್ನು ಒಂದು ಪುಕ್ಕಟೆ ಶಾಲೆಗೆ ಸೇರಿಸಿದ ದಿನ ಮಾತ್ರ ಊರಿಗೆಲ್ಲಾ ಅವಳ ಧರ್ಮದ ಚಿಂತೆ ಹತ್ತಿಕೊಳ್ಳುತ್ತೆ. ಇದಕ್ಕೆ ಏನು ಹೆಸರಿಡೋಣ?

ಇನ್ನು ರಸ್ತೆಯ ವಿಷಯ. ಅನುಮಾನ ಒಂದು ಸಲ ಒಳಗೆ ಬಂದರೆ ಧರ್ಮದ ಗಡಿಯಲ್ಲಿ ನಿಲ್ಲಲ್ಲ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದ ಹರೀಶ್ ಎಂಬ ಯುವಕ, ಸಾಯುವ ಮುಂಚೆ ತನ್ನ ಅಂಗಗಳನ್ನು ದಾನ ಮಾಡಿ ಅಂತ ಕೇಳಿಕೊಂಡ. ಸರ್ಕಾರ ಅವನ ಹೆಸರಲ್ಲೇ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಯ ಚಿಕಿತ್ಸೆ ಕೊಡಿಸುವ ಯೋಜನೆ ತಂದಿತು. ಅದಾಗಿ ವರ್ಷ ತುಂಬುವ ಮೊದಲೇ, 2017ರ ಫೆಬ್ರವರಿಯಲ್ಲಿ ನಮ್ಮ ಪಕ್ಕದ ಕೊಪ್ಪಳದಲ್ಲಿ, ಸೈಕಲ್ ಮೇಲೆ ಹೋಗುತ್ತಿದ್ದ 18 ವರ್ಷದ ಹುಡುಗ ಬಸ್ಸಿಗೆ ಸಿಕ್ಕಿ ರಕ್ತದಲ್ಲಿ ಬಿದ್ದು ಸಹಾಯ ಕೇಳುತ್ತಿದ್ದರೆ, ಸುತ್ತ ನಿಂತವರು ಮೊಬೈಲಿನಲ್ಲಿ ವಿಡಿಯೋ ಮಾಡಿದರು. 20 ನಿಮಿಷಕ್ಕೂ ಹೆಚ್ಚು ಹೊತ್ತು. ಹುಡುಗ ಉಳಿಯಲಿಲ್ಲ. ಸೇವ್‌ಲೈಫ್ ಫೌಂಡೇಶನ್ 2013ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ನೂರಕ್ಕೆ 74 ಜನ, ಅಪಘಾತವಾದವರಿಗೆ ತಾವು ಸಹಾಯ ಮಾಡುವುದು ಅನುಮಾನ ಅಂದಿದ್ದರು. ಹೆಚ್ಚಿನವರ ಕಾರಣ ಪೊಲೀಸು, ಕೋರ್ಟು. ನಮ್ಮ ಜನ ಕ್ರೂರಿಗಳಲ್ಲ. ‘ನೀನ್ಯಾಕೆ ಎತ್ತಿದೆ, ನೀನೇ ಗುದ್ದಿರಬೇಕು’ ಅನ್ನುವ ಒಂದು ಪ್ರಶ್ನೆಗೆ ಹೆದರಿದವರು. ಒಳ್ಳೆಯದು ಮಾಡಿದವನನ್ನೇ ಕಟಕಟೆಗೆ ನಿಲ್ಲಿಸಿದರೆ ಹೆಣಗಳ ಸಂಖ್ಯೆ ಹೆಚ್ಚುತ್ತೆ ಅಂತ ನಮ್ಮ ರಾಜ್ಯಕ್ಕೆ ಅರ್ಥವಾಗಿತ್ತು, ಅದಕ್ಕೇ ಮೊದಲ ಕಾಯ್ದೆ ಮಾಡಿತು. ಕೇಂದ್ರ ಸರ್ಕಾರ 2020ರಲ್ಲಿ ತಂದ ನಿಯಮಗಳಲ್ಲಿ, ಸಹಾಯ ಮಾಡಿದವನನ್ನು ಧರ್ಮ, ಜಾತಿ, ಲಿಂಗದ ಭೇದವಿಲ್ಲದೆ ಗೌರವದಿಂದ ನೋಡಬೇಕು, ಹೆಸರು ವಿಳಾಸ ಹೇಳು ಅಂತ ಒತ್ತಾಯ ಮಾಡಬಾರದು ಅಂತಲೇ ಇದೆ. ರಸ್ತೆಯಲ್ಲಿ ಕಲಿತ ಈ ಪಾಠವನ್ನು ಶಾಲೆಯ ಗೇಟಿನ ಹತ್ತಿರ ಬಂದಕೂಡಲೇ ಮರೆತುಬಿಟ್ಟೆವು.

ನಮ್ಮಪ್ಪನದೇ ಒಂದು ಉದಾಹರಣೆ ಕೊಡುತ್ತೇನೆ. ಕೊಟ್ಟೂರು-ಹರಪನಹಳ್ಳಿ ರಸ್ತೆಯಲ್ಲಿ ಸಂಜೆ ಹೊತ್ತು ಬೈಕಿಗೆ ಹಂದಿ ಅಡ್ಡ ಬಂದು ಬಿದ್ದಿದ್ದರು. ಅವರನ್ನು ಎತ್ತಿ ತನ್ನ ಓಮ್ನಿಯಲ್ಲಿ ಮಲಗಿಸಿಕೊಂಡು ದಾವಣಗೆರೆಯವರೆಗೆ ಕರಕೊಂಡು ಹೋದವನು ಗುರುತಿಲ್ಲದ ಒಬ್ಬ ಮನುಷ್ಯ. ತಲೆಯ ಸ್ಕ್ಯಾನಿಗೆ ಕೈಯಿಂದ 2,800 ರೂಪಾಯಿ ಕಟ್ಟಿ, ನಮ್ಮವರು ಬರುವ ತನಕ ಕೂತಿದ್ದ. ಚಿಕ್ಕಪ್ಪ ಬಂದವರೇ ಮೊದಲು ವಿಚಾರಿಸಿದ್ದು, ಯಾರ ಪೈಕಿ ಅಂತ. ಆತ ಹೆಸರು ಹೇಳಿದ. ಚರ್ಚಿಗೆ ಹೋಗುವವರ ಹೆಸರು.

ಆತ ಹೋದ ಮೇಲೆ ಚಿಕ್ಕಪ್ಪ ಅಂದರು: “ಹಂಗಾರ ಸುಮ್ನೆ ಮಾಡಿಲ್ಲ ಬಿಡು. ನಾಳೆ ಪುಸ್ತಕ ಹಿಡ್ಕಂಡು ಮನಿಗೆ ಬರ್ತಾರ, ನೋಡ್ತಿರು.”

ನಮ್ಮವ್ವ ತಿರುಗಿ ಹೇಳಿದ್ದು ಒಂದೇ ಮಾತು: “ನೀನು ಇಲ್ಲಿಗೆ ಮುಟ್ಟೋಕೆ ಮೂರು ತಾಸು ತಗಂಡಿ. ಆತ ಗಾಡ್ಯಾಗಿನ ರಕ್ತ ತೊಳ್ಕಂಡು ಹೋದ. ಸುಮ್ನಿರಪ ಸಾಕು.”

ನಾನು ಬೆಂಗಳೂರಿನಿಂದ ಆತನ ನಂಬರಿಗೆ ಫೋನ್‌ಪೇ ಮಾಡಿ 5,000 ಹಾಕಿದೆ. ಐದು ನಿಮಿಷದಲ್ಲಿ 2,200 ವಾಪಸ್ ಬಂತು. ಇವತ್ತಿನ ತನಕ ಆತ ಪುಸ್ತಕ ಹಿಡಿದು ನಮ್ಮ ಮನೆಗೆ ಬಂದಿಲ್ಲ. ಬಂದರೆ ಅವ್ವ ರೊಟ್ಟಿ ಹಾಕುತ್ತಾಳೆ, ಪುಸ್ತಕ ಓದುತ್ತಾಳೋ ಬಿಡುತ್ತಾಳೋ ಅದು ಅವಳ ಇಷ್ಟ. ಅರವತ್ತು ದಾಟಿದ ಹೆಂಗಸು, ತನ್ನ ದೇವರನ್ನು ತಾನು ಕಾಪಾಡಿಕೊಳ್ಳುತ್ತಾಳೆ. ಅವಳಿಗೆ ಕಾಯ್ದೆಯ ಕಾವಲು ಬೇಕಿಲ್ಲ.

ಇಷ್ಟು ಹೇಳಿ ಇನ್ನೊಂದು ಕಡೆಯವರನ್ನು ಬಿಟ್ಟರೆ ಅನ್ಯಾಯವಾಗುತ್ತೆ. ಅಕ್ಕಿ ಚೀಲದ ಜೊತೆ ಕರಪತ್ರ ಇಡುವವರು ಇದ್ದಾರೆ. ರೋಗಿಯ ಹಾಸಿಗೆ ಪಕ್ಕ ಕೂತು ‘ನಿಮ್ಮ ದೇವರು ಕೈಲಾಗದವನು’ ಅನ್ನುವವರು ಇದ್ದಾರೆ. ಈ ತಿಂಗಳು ಎಷ್ಟು ಜನ ಬಂದರು ಅಂತ ತಲೆ ಎಣಿಸಿ ಮೇಲಿನವರಿಗೆ ವರದಿ ಕಳಿಸುವವರೂ ಇದ್ದಾರೆ. ಅವರಿಗೆ ನನ್ನ ಮಾತು ಇಷ್ಟೇ: ನಿಮ್ಮನ್ನು ತಪ್ಪಿತಸ್ಥರು ಅನ್ನೋಕೆ ಸರ್ಕಾರದ ಕಾಯ್ದೆ ಬೇಕಿಲ್ಲ, ನಿಮ್ಮದೇ ಪುಸ್ತಕ ಸಾಕು. ಸಮಾರ್ಯದವನು ಛತ್ರದವನಿಗೆ ದುಡ್ಡು ಕೊಟ್ಟ, ಕರಪತ್ರ ಕೊಡಲಿಲ್ಲ. ಬಲಗೈಯಲ್ಲಿ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತ ನಮ್ಮ ಅಜ್ಜಿಯರು ಹೇಳುವ ಮಾತು ಮತ್ತಾಯನ ಸುವಾರ್ತೆಯಲ್ಲೂ ಇದೆ. ಬಡವನ ಹಸಿವನ್ನು ಬಾಗಿಲು ಮಾಡಿಕೊಂಡು ಅವನ ಮನೆ ಹೊಕ್ಕರೆ ಅದು ಸೇವೆಯಲ್ಲ, ವ್ಯಾಪಾರ. ಇದು ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ಬೆಳಕೇ ಕಾಣದಷ್ಟು ದೊಡ್ಡದಾಗಿ ದಾನಿಗಳ ಹೆಸರು ಬರೆಸುವ ನಮ್ಮವರಿಗೂ, ಕಂಬಳಿ ಹಂಚಿ ರೀಲ್ಸ್ ಮಾಡುವ ನಮ್ಮ ಆಫೀಸಿನ ಸಿಎಸ್‌ಆರ್ ತಂಡಕ್ಕೂ ಅಷ್ಟೇ ಅನ್ವಯ.

ಆದರೆ ಎರಡು ತಪ್ಪುಗಳು ಒಂದೇ ತೂಕದವಲ್ಲ. ಕರಪತ್ರ ಕೊಟ್ಟರೆ ಬೇಡ ಅನ್ನಬಹುದು, ಮಡಚಿ ಕಿಟಕಿ ಸಂದಿಗೆ ಸಿಕ್ಕಿಸಬಹುದು. ಅನುಮಾನ ಹಾಗಲ್ಲ. ಅದು ಗುಂಪು ಕಟ್ಟಿಕೊಂಡು ಬರುತ್ತೆ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನ ಚರ್ಚುಗಳ ಮೇಲೆ ದಾಳಿ ಮಾಡಿದವರ ಕೈಗೆ ಯಾವ ಕಾಯ್ದೆಯೂ ಇರಲಿಲ್ಲ, ಅನುಮಾನವೊಂದೇ ಸಾಕಾಗಿತ್ತು. ಆಮೇಲೆ ಅದನ್ನೇ ಕಾಯ್ದೆಯ ಭಾಷೆಯಲ್ಲಿ ಬರೆದುಕೊಟ್ಟೆವು.

2023ರ ಜೂನ್‌ನಲ್ಲಿ ಸಚಿವ ಸಂಪುಟ ಈ ಕಾಯ್ದೆಯನ್ನು ರದ್ದು ಮಾಡುವ ತೀರ್ಮಾನ ಮಾಡಿತು. ಒಳ್ಳೆಯದು. ಆದರೆ ಚಿಕ್ಕಪ್ಪನ ತಲೆಯೊಳಗಿನ ಕಾಯ್ದೆಯನ್ನು ಯಾವ ಸಂಪುಟವೂ ರದ್ದು ಮಾಡಲ್ಲ. ಅದು ನಮ್ಮ ನಿಮ್ಮ ಕೆಲಸ. ಫ್ಯಾಮಿಲಿ ಗ್ರೂಪಿನಲ್ಲಿ ‘ಎಚ್ಚರ, ನಿಮ್ಮ ಏರಿಯಾದಲ್ಲೂ ಬಂದಿದ್ದಾರೆ’ ಅಂತ ಫಾರ್ವರ್ಡ್ ಬಂದಾಗ, ಬಂದವರು ಏನು ಮಾಡಿದರು ಅಂತ ಕೇಳಿ. ಮೋಸ ಮಾಡಿದ್ದರೆ ಪೊಲೀಸ್ ಠಾಣೆ ಇದೆ, ಹೋಗಿ. ಪಾಠ ಹೇಳಿಕೊಟ್ಟರು, ಗಾಯ ತೊಳೆದರು, ಅನ್ನ ಹಾಕಿದರು ಅನ್ನೋದಷ್ಟೇ ಆರೋಪವಾಗಿದ್ದರೆ, ಆ ಕೆಲಸ ನಾವು ಯಾಕೆ ಮಾಡಲಿಲ್ಲ ಅಂತ ಅದೇ ಗ್ರೂಪಿನಲ್ಲಿ ಕೇಳಿ. ಉತ್ತರ ಬರಲ್ಲ. ಒಬ್ಬಿಬ್ಬರು ಗ್ರೂಪ್ ಬಿಟ್ಟು ಹೋಗಬಹುದು. ಹೋಗಲಿ, ಕೇಳಿ.